ಹೊಸ ಸೂಜಿ ಕೇಳಿದ ಹುಡುಗಿಯನ್ನು ವಾಪಸು ಕಳಿಸಿದ್ದಕ್ಕೆ

ಜಿಲ್ಲೆಯ ರೋಗ ನಿಯಂತ್ರಣಾಧಿಕಾರಿಗಳೇ,

ಹೆರಾಯಿನ್ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವ ನಮ್ಮ ಬೀದಿಯ ಕೇಂದ್ರಕ್ಕೆ ಮುಂದಿನ ತಿಂಗಳು ಬೀಗ ಹಾಕಲು ತಾವು ಸಹಿ ಮಾಡಿದ್ದೀರಿ. ಚುಚ್ಚಿಕೊಳ್ಳುವ ಗಂಡಸರಲ್ಲಿ ಎಚ್‌ಐವಿ ಇಳಿದಿದೆಯಂತೆ. ಸಂತೋಷ. ಅಲ್ಲಿಂದ ಇಳಿದದ್ದು ಯಾರ ಮನೆ ಹೊಕ್ಕಿತು ಎಂದು ವಿಚಾರಿಸಲು ತಮಗೆ ಪುರುಸೊತ್ತಾಗಲಿಲ್ಲವೇ?

ನಾನು ಇಂಫಾಲದ ಹೆಂಗಸರ ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು. ನನ್ನ ಗಂಡನ ಕಾಲದಲ್ಲಿ ಐದು ಜನ ಗಂಡಸರಿಗೆ ಒಂದೇ ಸೂಜಿ. ಅವರಿಂದ ಮನೆಯ ಹೆಂಗಸರಿಗೆ ರೋಗ. ಅವನು ತೀರಿಹೋದ. ನಾನು ಇಪ್ಪತ್ತು ವರ್ಷದಿಂದ ಮಾತ್ರೆ ನುಂಗುತ್ತ ಬದುಕಿದ್ದೇನೆ. ಈಗ ಹೆಣ್ಣುಮಕ್ಕಳೇ ಚುಚ್ಚಿಕೊಳ್ಳುತ್ತಿದ್ದಾರೆ. ಈ ಸುದ್ದಿ ತಮ್ಮ ಕಚೇರಿಗೆ ಇನ್ನೂ ತಲುಪಿಲ್ಲ. ಪಾಪ, ನಡೆದುಕೊಂಡು ಬರುತ್ತಿರಬೇಕು.

ನನ್ನ ತಂಗಿಯ ಮಗಳು ಲಿಂಥೊಯ್‌ಗೆ ಇಪ್ಪತ್ಮೂರು ವರ್ಷ. ಮಗ್ಗದ ಮೇಲೆ ಅವಳ ಕೈ ಓಡುವುದನ್ನು ಜನ ನಿಂತು ನೋಡುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವಳೇ ಕೇಂದ್ರಕ್ಕೆ ಹೋಗಿ ಹೊಸ ಸೂಜಿ ಕೇಳಿದಳು. ಬೆಂಚಿನ ಮೇಲಿದ್ದ ಗಂಡಸರು ಕಿಸಕ್ಕೆಂದರು.

"ಹೆಂಗಸರ ಹೆಸರು ಬರಿಯೋಕೆ ನಮ್ಮಲ್ಲಿ ಪುಸ್ತಕಾನೇ ಇಲ್ಲಮ್ಮ. ಗಂಡನ್ನ ಕಳ್ಸು," ಎಂದ ಅಲ್ಲಿನ ನೌಕರ.

"ಗಂಡ ಇಲ್ಲ. ಚುಚ್ಕೊಳೋದು ನಾನು."

"ಅದನ್ನ ಜೋರಾಗಿ ಬೇರೆ ಹೇಳ್ತೀಯಲ್ಲ, ನಾಚ್ಕೆ ಆಗಲ್ವಾ?"

ಆಯಿತು. ಮತ್ತೆ ಅವಳು ಆ ಬಾಗಿಲು ತುಳಿಯಲಿಲ್ಲ. ಗೆಳೆಯ ಮೊದಲು ತಾನು ಚುಚ್ಚಿಕೊಂಡು, ಆಮೇಲೆ ಅದೇ ಸೂಜಿಯನ್ನು ಅವಳಿಗೆ ಕೊಡುತ್ತಿದ್ದ. ಮಳೆಗಾಲದಲ್ಲಿ ಜ್ವರ ಬಂತು. ರಕ್ತಪರೀಕ್ಷೆಯ ಚೀಟಿ ಹಿಡಿದು ನನ್ನ ಮೀನಿನ ಬುಟ್ಟಿಯ ಪಕ್ಕ ಬಂದು ಕೂತಳು.

"ದೊಡ್ಡಮ್ಮಾ, ನೀನು ನುಂಗೋ ಮಾತ್ರೆ ತುಂಬಾ ಕಹಿನಾ?"

"ಕಹಿ ಏನಿಲ್ಲ ಕಣೇ. ದಿನಾ ಮರೀದೆ ನುಂಗ್ಬೇಕು, ಅಷ್ಟೇ."

ಅಷ್ಟರಲ್ಲಿ ಗಿರಾಕಿಯೊಬ್ಬಳು ಕಾಲು ಕಿಲೋ ಮೀನು ಕೇಳಿದಳು. ನಾನು ಎಷ್ಟು ತೂಗಿಕೊಟ್ಟೆನೋ ಇಂದಿಗೂ ಗೊತ್ತಿಲ್ಲ.

ಲಿಂಥೊಯ್ ಈಗ ಮಾತ್ರೆ ತಪ್ಪಿಸುವುದಿಲ್ಲ. ಚಟ ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಲಾರೆ. ಪರಿಚಯದ ಗಂಡಸರ ಕೈಯಲ್ಲಿ ಕೇಂದ್ರದಿಂದ ಸೂಜಿ ತರಿಸಿ, ಮಾರುಕಟ್ಟೆಯ ಹಿಂದೆ ತನ್ನಂತೆ ಚುಚ್ಚಿಕೊಳ್ಳುವ ಒಂಬತ್ತು ಹುಡುಗಿಯರಿಗೆ ಹಂಚುತ್ತಾಳೆ. ಅವರಲ್ಲಿ ಇದುವರೆಗೆ ಯಾರಿಗೂ ರೋಗ ತಗುಲಿಲ್ಲ. ತಮ್ಮ ಬೀಗ ಬಿದ್ದ ದಿನ ಆ ಸೂಜಿಯೂ ನಿಲ್ಲುತ್ತದೆ. ಮೊದಲು ರೋಗ ಬರಲಿ, ಆಮೇಲೆ ಎಣಿಸೋಣ ಎಂಬುದು ತಮ್ಮ ಇಲಾಖೆಯ ಕ್ರಮವೇ?

ಆದೇಶ ಹಿಂತೆಗೆದುಕೊಳ್ಳಿ. ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದೆ ಬರಲು ಹಿತ್ತಿಲ ಬಾಗಿಲಿರುವ ಒಂದು ಕೋಣೆ ಕೊಡಿ, ಅಲ್ಲಿ ಕೂರಲು ಒಬ್ಬ ಹೆಂಗಸನ್ನು ನೇಮಿಸಿ. ಆ ಕೆಲಸಕ್ಕೆ ಲಿಂಥೊಯ್ ಬರೆದ ಅರ್ಜಿ ಇದರ ಜೊತೆಗಿದೆ. 'ಅನುಭವ' ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಳು. ನಿಜವನ್ನೇ ಬರಿ ಎಂದೆ. ಬರೆದಿದ್ದಾಳೆ. ಓದಿ.

ಇಂತಿ,
ತಮ್ಮ ಕಡತದಲ್ಲಿ 'ರೋಗಿಯ ಹೆಂಡತಿ' ಎಂದಷ್ಟೇ ಇರುವ
ತಂಬಾಲ್