ವಿಜಯಪುರಕ್ಕೆ ಉತ್ತರ

ಸುವರ್ಣಾ,

ಶೇಂಗಾ ಚಟ್ನಿ ಅರ್ಧ ಕುಟ್ಟಿ ಒರಳಿನಲ್ಲೇ ಬಿಟ್ಟು ಹೊರಟಿದ್ದೇನೆ. ಆಫೀಸಿನಿಂದ ಬಂದ ಕೂಡಲೇ ಉಳಿದದ್ದು ಕುಟ್ಟಿಬಿಡು. ಏಳಕ್ಕೆ ಸ್ನೇಹಲ್ ಓದಲು ಕೂತ ಮೇಲೆ ಈ ಒಂದೇ ಖೋಲಿಯಲ್ಲಿ ಸದ್ದು ಬೇಡವೆಂದು ನಿಯಮ ಮಾಡಿದವಳು ನೀನೇ.

ಶ್ರೀಶೈಲನಿಗೆ ಟೀವಿ ಹಚ್ಚಗೊಡಬೇಡ. ಮಗಳ ಮಾರ್ಕು ಬೇಕು, ಕ್ರಿಕೆಟ್ಟೂ ಬೇಕು ಅವನಿಗೆ. ಕೆಳಗೆ ಪಾಟೀಲರ ಮನೆಯಲ್ಲಿ ನೋಡಲಿ.

ಇವತ್ತು ಸ್ನೇಹಲ್ ಶಾಲೆಯಿಂದ ಬಂದವಳೇ ನಾಳೆಯ ಪುಸ್ತಕಗಳನ್ನು ಜೋಡಿಸಿಟ್ಟು, ಗಣಿತ ತೆಗೆದು ಕೂತಳು. ಯಾರೂ ಹೇಳಿರಲಿಲ್ಲ.

"ಮೊದಲ ಚಾ ಕುಡಿಯವ್ವಾ" ಅಂದೆ.

"ಅಜ್ಜಿ, ಡಿಸ್ಟರ್ಬ್ ಮತ್ ಕರ್. ಇದಷ್ಟ ಮುಗಸ್ತೀನಿ" ಅಂದಳು.

ಬೈಸಿಕೊಂಡು ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಲೋಕಲ್ ರೈಲಿನಲ್ಲಿ ನಿಂತು ದಣಿದು ಬಂದರೂ ನೀನು ದಿನಾ ಅವಳೆದುರು ಕಾಳು ಹಸನು ಮಾಡುತ್ತ ಕೂತೆ. ಓದಿದ್ದನ್ನು ಅವಳಿಂದಲೇ ಹೇಳಿಸಿಕೊಂಡೆ, ಒಮ್ಮೆಯೂ ದನಿ ಏರಿಸಲಿಲ್ಲ. ನಾನು ರಾತ್ರಿ ಶಾಲೆಗೆ ಹೋಗುವಾಗ ನನ್ನೆದುರು ಹಾಗೆ ಯಾರೂ ಕೂತಿರಲಿಲ್ಲ. ಅದರ ಬೆಲೆ ನನಗೆ ಗೊತ್ತು. ನಿನ್ನ ಉಪಕಾರ ಮರೆಯುವುದಿಲ್ಲ, ನನ್ನವ್ವಾ.

ಒಂಬತ್ತನೆಯ ತರಗತಿಯಲ್ಲಿ ನಪಾಸಾಗುವಂತಿದ್ದಾಗ, ಅವಳನ್ನು ವಿಜಯಪುರದ ಹಾಸ್ಟೆಲಿಗೆ ಹಾಕುತ್ತೇನೆಂದು ಶ್ರೀಶೈಲ ಹಟ ಹಿಡಿದಿದ್ದನಲ್ಲ. ನನ್ನ ತಮ್ಮ ಅಲ್ಲಿ ಜಾಗ ಹಿಡಿದಿಟ್ಟು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾನೆ. ಅವನಿಗೆ ಫೋನಿನಲ್ಲಿ ಕೇಳಿಸದು, ಬೇಡವೆಂದು ಬರೆಯಲು ನನಗೆ ಧೈರ್ಯ ಸಾಲಲಿಲ್ಲ. ಹೀಗೇ ದಿನ ಹೋದವು. ಇವತ್ತು ಅವಳು ತಾನಾಗಿ ಓದಲು ಕೂತದ್ದನ್ನು ನೋಡಿ ಶ್ರೀಶೈಲನಿಗೆ ಫೋನ್ ಮಾಡಿ, ಹಾಸ್ಟೆಲ್ ಬೇಡವೆಂದು ಬರೆಯಲೇ ಎಂದು ಕೇಳಿದೆ. "ಆತು, ಬರದ ಬಿಡವ್ವಾ" ಅಂದ.

ಬರೆದೆ. ಹುಡುಗಿ ಬರುವುದಿಲ್ಲ, ಆ ಜಾಗ ಬೇರೆ ಯಾರಿಗಾದರೂ ಕೊಡಿಸು ಎಂದು. ಭಾಂಡುಪ್ ಸ್ಟೇಶನ್ ಹತ್ತಿರದ ಅಂಚೆ ಡಬ್ಬಿಗೆ ಹಾಕಿ ಬರುತ್ತೇನೆ.

ಅತ್ತೆ