ದೇವರ ಜಗಲಿಯ ಊದುಗೊಳವೆ

ಗಂಗಕ್ಕಾ,

ನಿನ್ನ ನೆರಮನೆಯ ಶಾಂತವ್ವನ ಶರಣು. ಇವತ್ತು ಸೋಮವಾರ, ನನ್ನದು ಒಪ್ಪತ್ತು, ಒಂದೇ ಹೊತ್ತಿನ ಊಟ. ಎಮ್ಮೆಯ ಹಾಲು ಹಿಂಡಿ, ಅಂಗಳಕ್ಕೆ ನೀರು ಹೊಡೆದು, ರೊಟ್ಟಿಯ ಬುಟ್ಟಿಯನ್ನು ಖಾನಾವಳಿಗೆ ಕಳಿಸಿ, ಲಿಂಗಪೂಜೆ ಮುಗಿಸಿದೆ. ಅದಾದ ಮೇಲೆ ಇನ್ನೊಂದು ಕೆಲಸವನ್ನೂ ಮಾಡಿ, ಈಗ ನಿಮ್ಮ ಕುರಿ ಹಟ್ಟಿಯ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಏಳನೇ ತರಗತಿಗೇ ನಿಂತ ಬರವಣಿಗೆ, ಸಾಲುಗಳು ಸೊಟ್ಟಗಾಗುತ್ತವೆ. ನಿನಗೆ ಸಹಿ ಹಾಕಲು ಕಲಿಸಿದವಳು ನಾನು, ಹಾಗಾಗಿ ನೀನು ನಗುವ ಹಾಗಿಲ್ಲ.

ನೀನು ಹೋಗಿ ಹನ್ನೊಂದು ತಿಂಗಳಾಯಿತು. ಅಂದಿನಿಂದ ಬಾಣ ಊದುವ ನಿನ್ನ ಊದುಗೊಳವೆ ನಮ್ಮ ಮನೆಯ ದೇವರ ಜಗಲಿಯ ಮೇಲಿತ್ತು. ದಿನಾ ವಿಭೂತಿ ಹಚ್ಚಿದೆ, ಹೂವು ಏರಿಸಿದೆ. ಬಾಯಿಗೆ ಮಾತ್ರ ಒಂದು ಸಲವೂ ಹಚ್ಚಲಿಲ್ಲ. ಯಾಕೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ ನೀನು ಬಾಯಿ ಬಿಡಲಿಲ್ಲ. ಅದನ್ನು ನಾನೇ ಹೇಳಬೇಕು ಅಂತ ಈ ಕಾಗದ.

ಡ್ರಿಲ್ ಮಾಸ್ತರು ರಿಟೈರ್ ಆದ ಮೇಲೆ ಶಾಲೆಯ ಹಿಂದಿನ ಬಯಲಿಗೆ ಮೊದಲ ಸಲ ಕೊಳವೆಗಳನ್ನು ತಂದ ದಿನ ನೆನಪಿದೆಯಾ? ನಾವು ಹೆಂಗಸರ ಸಂಘದ ಸಭೆಗೆ ಹೋಗಿದ್ದವರು, ಏನೋ ನೋಡೋಣ ಅಂತ ನಿಂತೆವು. ಬಿಲ್ಲುಬಾಣದ ಹಾಗೆ ಇದೂ ಒಂದು ಗುರಿಯಾಟ, ಕೊಳವೆಯೊಳಗೆ ಸಣ್ಣ ಬಾಣ ಇಟ್ಟು ಊದುವುದು, ತೋಳಿನ ಬಲ ಬೇಡ, ಉಸಿರಿದ್ದರೆ ಸಾಕು ಅಂದರು ಮಾಸ್ತರು. ಹಳ್ಳದ ಆಚೆಗಿರುವ ಕುರಿಯನ್ನು ಸಿಳ್ಳೆಯಿಂದಲೇ ತಿರುಗಿಸುವವಳು ನೀನು. ಮೊದಲ ಬಾಣವೇ ಹಾಳೆಯ ನಡುವಿನ ಹಳದಿಗೆ ಹೋಗಿ ನಾಟಿತು. ಕಟ್ಟೆಯ ಮೇಲಿದ್ದ ನಿಮ್ಮ ಮೈದುನ, "ಏನಬೇ ಗಂಗವ್ವ, ಅದನ್ನ ಕುರಿ ಅಂದ್ಕೊಂಡಿಯೇನು?" ಅಂದ. "ಕುರಿ ಅಂದ್ಕೊಂಡಿದ್ರ ನಿನ್ನ ಕಡಿಗೆ ತಿರುಗಿಸ್ತಿದ್ದೆ" ಅಂದೆ ನೀನು. ಅವನು ಮತ್ತೆ ಆ ಕಟ್ಟೆಗೆ ಬಂದು ಕೂತದ್ದನ್ನು ನಾನು ಕಾಣೆ.

ಅದೇ ಕೊಳವೆಯನ್ನು ನೀನು ನನ್ನ ಕೈಗೆ ಕೊಟ್ಟೆ. ನಾನು ಅದನ್ನು ತುಟಿಯಿಂದ ಒಂದು ಬೆರಳು ದೂರ ಹಿಡಿದು ಊದಿದೆ. ಚೊಂಬಿನ ನೀರನ್ನು ಎತ್ತಿ ಕುಡಿದು ಬೆಳೆದವಳು. ಒಲೆ ಊದುವಾಗಲೂ ಕೊಳವೆಗೆ ಬಾಯಿ ತಾಗಿಸಿದರೆ ನಮ್ಮ ಅತ್ತೆ ಸುಮ್ಮನಿರುತ್ತಿರಲಿಲ್ಲ, ಬೆಂಕಿಗೆ ಎಂಜಲು ಹೋಗುತ್ತದೆ ಅಂತ. ಬಾಣ ಸೀದಾ ನನ್ನ ಕಾಲ ಬುಡಕ್ಕೆ ಬಿತ್ತು. ಎಲ್ಲರೂ ನಕ್ಕರು. ನೀನು ನಗಲಿಲ್ಲ. ನನ್ನ ಬಾಯಿ ನೋಡಿದೆ, ಕೊಳವೆ ನೋಡಿದೆ, "ಇರ್ಲಿ ಬಿಡ್ರಿ, ನಾಳಿಗೆ ನೋಡೂಣು" ಅಂದೆ. ಆಗಿನ್ನೂ ನನಗೆ ‘ರಿ’ ಹಚ್ಚಿ ಮಾತಾಡುತ್ತಿದ್ದೆ.

ಮರುದಿನ ನೀನು ಹೊಸ ಕೊಳವೆ ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದೆ. ಕರೆಂಟಿನ ವೈರು ಹಾಯಿಸುವ ಬಿಳಿ ಪೈಪು. ತುದಿಗಳನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿದ್ದೆ, ಗುರುತಿಗೆ ಕೆಂಪು ದಾರ ಸುತ್ತಿದ್ದೆ. "ಇದು ನಿಮ್ದು. ಯಾರೂ ಬಾಯಿ ಹಚ್ಚಿಲ್ಲ. ನೆಟ್ಟಗ ಐತೋ ಇಲ್ಲೋ ಅಂತ ಸೂರ್ಯನ ಕಡಿ ಹಿಡಿದು ನೋಡೀನಿ ಅಷ್ಟ. ನಾನೂ ಊದಿಲ್ಲ, ನಮ್ಮ ಕುರಿನೂ ಊದಿಲ್ಲ" ಅಂದೆ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ನಿಮ್ಮದು ಕುರಿ ಸಾಕುವವರ ಮನೆ. ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಎತ್ತರ ಎಷ್ಟು ಅಂತ ನೀನು ಅಳೆದುಕೊಂಡೇ ಆ ಪೈಪು ಕತ್ತರಿಸಿದ್ದೆ, ಅಲ್ಲವೇನಕ್ಕಾ?

ನಿಮ್ಮ ಹಟ್ಟಿಯ ಗೋಡೆಗೆ ಥರ್ಮಾಕೋಲ್ ಕಟ್ಟಿ ನನಗೆ ಕಲಿಸಿದ ಆ ಸಂಜೆಗಳನ್ನು ಏನಂತ ಹೇಳಲಿ? ಇಪ್ಪತ್ತು ವರ್ಷ ರೊಟ್ಟಿಯ ಹೊಗೆ ಕುಡಿದ ಎದೆ ನನ್ನದು. ಹಟ್ಟಿಯ ಮೂರು ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತಿತ್ತು. "ಮೊದ್ಲು ಉಸುರು ತುಂಬ್ಕೊ, ಆಮ್ಯಾಲ ಬಾಯಿ ಹಚ್ಚು. ಹಚ್ಚಿದ ಮ್ಯಾಲ ಒಳಗ ಎಳಿಬ್ಯಾಡಲೇ ಶಾಂತಿ, ಬಾಣ ಗಂಟಲಾಗ ಹೋದೀತು" ಅಂತಿದ್ದೆ. ಆ ‘ಲೇ’ ಯಾವ ದಿನ ಬಂತೋ, ನನಗೂ ತಿಳಿಯಲಿಲ್ಲ, ನಿನಗೂ ತಿಳಿಯಲಿಲ್ಲ. ಬಾಣಕ್ಕೆ ಕಾಗದ ಸುತ್ತುವಾಗ ನೀನು ಹಳೆ ಕ್ಯಾಲೆಂಡರ್ ಹರಿಯಲು ಹೋದರೆ, ದೇವರ ಚಿತ್ರದ ಹಾಳೆ ಬೇಡ ಅಂತ ನಾನು ಕಸಿದುಕೊಳ್ಳುತ್ತಿದ್ದೆ. "ಹಂಗಾರ ತಾರೀಖಿನ ಹಾಳಿ ಕೊಡು, ದಿನ ಹೆಂಗೂ ಹೋಗಾವ" ಅನ್ನುತ್ತಿದ್ದೆ. ಬಾಣ ಆರಿಸುವಾಗ ನಿನ್ನ ಕೊಳವೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ನಿನ್ನ ಚಾಳಿ. ಕೊಳವೆ ಕೆಡುತ್ತದೆ ಅಂತ ಮಾಸ್ತರು ಎಷ್ಟು ಬೈದರೂ ನೀನು ಬಿಡಲಿಲ್ಲ.

ಆರು ತಿಂಗಳಾದ ಮೇಲೆ ಒಂದು ಸೋಮವಾರ ಗುಡಿಯಲ್ಲಿ ಮಂಗಳಾರತಿ ಪದ ಹಾಡಿದೆ. ಕೊನೆಯ ನುಡಿ ಮುಗಿಸಿದ ಮೇಲೇ ನನಗೆ ಹೊಳೆದದ್ದು, ನಡುವೆ ಒಂದು ಸಲವೂ ಕೆಮ್ಮು ಬರಲಿಲ್ಲ ಅಂತ. ಗುಡಿಯ ಕಂಬಕ್ಕೆ ಒರಗಿ ನಿಂತುಬಿಟ್ಟೆ. ಹಿಂದೆ ದಮ್ಮಿಗೆ ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರೇ ಕಿವಿಗೆ ಕೊಳವೆ ಇಟ್ಟುಕೊಂಡು ಎದೆಯನ್ನು ಎರಡು ಸಲ ಕೇಳಿ, "ಏನು ಮಾಡಿದ್ರಿ ಅಮ್ಮಾ?" ಅಂದರು. ಗಂಗಕ್ಕ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಸ್ವಾಮಿ ಕೊಟ್ಟ ಉಸಿರನ್ನು ನಾನು ಹೊಗೆಯಲ್ಲಿ ಕಳೆದುಕೊಂಡಿದ್ದೆ, ನೀನು ಹುಡುಕಿ ಕೊಟ್ಟೆ. ಇದಕ್ಕಿಂತ ದೊಡ್ಡದನ್ನು ನನಗೆ ಯಾರೂ ಕೊಟ್ಟಿಲ್ಲ.

ಹಡಗಲಿಯ ಸ್ಪರ್ಧೆಯ ದಿನವನ್ನು ನೆನೆಯಲು ಇಷ್ಟವಿಲ್ಲ, ಆದರೂ ನೆನೆಯಬೇಕು. ಬಸ್ಸಿನ ನೂಕಾಟದಲ್ಲಿ ಯಾರದೋ ಕಾಲು ಬಿದ್ದು ನನ್ನ ಕೊಳವೆ ಸೀಳಿಹೋಗಿತ್ತು. ಗೆರೆಯ ಹತ್ತಿರ ನನ್ನ ಹೆಸರು ಕೂಗಿದರು. ನೀನು ನಿನ್ನ ಕೊಳವೆಯ ಬಾಯನ್ನು ಸೆರಗಿನಿಂದ ಒರೆಸಿ, ಚೊಂಬಿನ ನೀರಿನಿಂದ ತೊಳೆದು, ಮತ್ತೆ ಒರೆಸಿ ಚಾಚಿದೆ. "ತಗೊಳಲೇ, ಹೊತ್ತಾತು." ನಾನು ಕೈ ಹಿಂದಕ್ಕೆ ಎಳೆದುಕೊಂಡು, "ಇವತ್ತು ನಂದು ಒಪ್ಪತ್ತು ಗಂಗಕ್ಕ, ಎಂಜಲ ಮುಟ್ಟಂಗಿಲ್ಲ" ಅಂದೆ. ಅವತ್ತು ಭಾನುವಾರ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರೂ ಕೂತು ಮಂಡಕ್ಕಿ ಮಿರ್ಚಿ ತಿಂದಿದ್ದೆವು; ಎರಡನೇ ಮಿರ್ಚಿ ಬೇಕು ಅಂದವಳು ನಾನು. ನೀನು ಕೊಳವೆಯನ್ನು ಹಿಂದಕ್ಕೆ ತೆಗೆದುಕೊಂಡೆ. "ಹೂಂ, ಒಪ್ಪತ್ತು ಅಂದ್ರ ಒಪ್ಪತ್ತು ಬಿಡು" ಅಂದೆ. ನಾನು ಆಡಲಿಲ್ಲ. ವಾಪಸ್ಸು ಬರುವಾಗ ನೀನು ಕಿಟಕಿಯ ಸೀಟು ನನಗೇ ಬಿಟ್ಟೆ, ದಾರಿಯುದ್ದಕ್ಕೂ ಈದ ಕುರಿಯ ಮಾತಾಡಿದೆ. ಒಂದು ಸಲ ಸಿಟ್ಟಾಗಿ ಬೈದಿದ್ದರೆ...

ದವಾಖಾನೆಯಲ್ಲಿ ಕಡೆಯ ಸಲ ನಿನ್ನನ್ನು ನೋಡಿದಾಗ ಕೊಳವೆ ನಿನ್ನ ಮಗ್ಗುಲಲ್ಲೇ ಇತ್ತು. "ನೀನ ಇಟ್ಕೊ. ಊದಿದ್ರ ಊದು, ಬಿಟ್ರ ಬಿಡು. ರೇಣುಕಾಗ ಕೊಟ್ರ ಬಟ್ಟಿ ಅಳಿಯಾಕ ಇಟ್ಕೊಂತಾಳ" ಅಂದೆ ನೀನು. ನಿನ್ನ ಮಗಳು ಹೊಲಿಗೆಯವಳು, ಪಕ್ಕದಲ್ಲೇ ನಿಂತಿದ್ದಳು, ಅಳುತ್ತಲೇ ನಕ್ಕಳು. ನಾನು "ಗಂಗಕ್ಕಾ, ಹಡಗಲಿಯಾಗ ಅವತ್ತು..." ಅಂತ ಶುರು ಮಾಡಿದೆ. "ಗೊತ್ತೈತಿ ಬಿಡು. ನೀರು ಕುಡಸು" ಅಂದೆ ನೀನು. ಲೋಟವನ್ನು ನಿನ್ನ ತುಟಿಗೆ ಹಚ್ಚಿ ಕುಡಿಸಿದೆ. ಮಾತು ನನ್ನಲ್ಲೇ ಉಳಿಯಿತು.

ಹೋದ ವಾರ ರೇಣುಕಾ ರೊಟ್ಟಿಗೆ ಬಂದವಳು ದೇವರ ಜಗಲಿಯ ಮುಂದೆ ನಿಂತಳು. ನಾನು ಕೊಳವೆಗೆ ವಿಭೂತಿ ಹಚ್ಚುತ್ತಿದ್ದೆ. "ಚಿಗವ್ವ, ಪೂಜಿ ಮಾಡ್ತಿ, ಹೂವ ಏರಸ್ತಿ. ಬಾಯಿಗೆ ಹಚ್ಚಾಕ ಏನಾಗೈತಿ ನಿನಗ? ನಮ್ಮವ್ವ ದೇವರಾಗಿದ್ದಿಲ್ಲ, ನಿನ್ನ ಗೆಳತಿ ಆಗಿದ್ಲು" ಅಂದಳು. ಬಾಯಿ ಮುಚ್ಚೆ ಅಂತ ಗದರಿಸಿ ಕಳಿಸಿದೆ. ರೊಟ್ಟಿ ಬಡಿಯಲು ಕೂತರೆ ಒಂದೂ ದುಂಡಗೆ ಬರಲಿಲ್ಲ. ಅವಳು ಹೇಳಿದ್ದು ನಿಜ. ದೇವರ ಸಾಲಿಗೆ ಏರಿಸಿಬಿಟ್ಟರೆ ಎಂಜಲಿನ ಮಾತೇ ಬರುವುದಿಲ್ಲ. ಬದುಕಿದ್ದಾಗ ದೂರ ಹಿಡಿದೆ, ಸತ್ತ ಮೇಲೆ ಹೂವಿನ ನೆಪದಲ್ಲಿ ದೂರ ಇಟ್ಟೆ. ಎರಡೂ ಒಂದೇ ಅಲ್ಲವೇ?

ಇವತ್ತು ಪೂಜೆ ಆದ ಮೇಲೆ ಕೊಳವೆಯನ್ನು ಜಗಲಿಯಿಂದ ಇಳಿಸಿದೆ. ತೊಳೆಯಲು ಚೊಂಬು ಎತ್ತಿದೆ, ಹಾಗೇ ಕೆಳಗಿಟ್ಟೆ. ನಿಮ್ಮ ಹಟ್ಟಿಗೆ ಬಂದು, ಗೋಡೆಗೆ ಹೊಸ ಗುರಿ ಹಾಳೆ ಹಚ್ಚು ಅಂತ ರೇಣುಕಾಗೆ ಹೇಳಿದೆ. ಒಪ್ಪತ್ತು ಐತಲ್ಲ ಚಿಗವ್ವ, ಅಂದಳು. ಐತಿ, ಅದಕ್ಕ ಇವತ್ತ ಊದಬೇಕು, ಅಂದೆ. ಒಪ್ಪತ್ತಿನ ಸುಳ್ಳು ಹೇಳಿದ ಬಾಯಿ ಇದು, ಒಪ್ಪತ್ತಿನ ದಿನವೇ ಸರಿಹೋಗಲಿ. ಸ್ವಾಮಿಗೆ ಮೊದಲೇ ಹೇಳಿ ಬಂದಿದ್ದೇನೆ. ಹತ್ತು ಹೆಜ್ಜೆ ಎಣಿಸಿ ನಿಂತೆ. ನೀನು ಹೇಳಿದ ಹಾಗೆ ಮೊದಲು ಉಸಿರು ತುಂಬಿಕೊಂಡೆ, ಆಮೇಲೆ ಬಾಯಿ ಹಚ್ಚಿದೆ. ಪೈಪಿನ ತುದಿಯಲ್ಲಿ ನಿನ್ನ ಹಲ್ಲಿನ ಗುರುತು, ಮೇಲೆ ಎರಡು, ಕೆಳಗೆ ಒಂದು. ನನ್ನ ಹಲ್ಲು ಅಲ್ಲೇ ಹೋಗಿ ಕೂತಿತು.

ಐದು ಬಾಣ ಊದಿದೆ. ಐದೂ ಸಲ ಥರ್ಮಾಕೋಲಿಗೆ ನಾಟಿದ ಸಪ್ಪಳ ಕೇಳಿಸಿತು. ದೂರ ನೋಡುವ ಕನ್ನಡಕ ಮನೆಯಲ್ಲಿದೆ, ಎಲ್ಲಿ ನಾಟಿದವೋ ಕಾಣುತ್ತಿಲ್ಲ. ಹೋಗಿ ನೋಡುವ ಮೊದಲು ನಿನಗೆ ಬರೆಯಬೇಕು ಅನ್ನಿಸಿ ಕೂತೆ. ಬರುವ ಭಾನುವಾರ ಹರಪನಹಳ್ಳಿಯಲ್ಲಿ ಸ್ಪರ್ಧೆ ಇದೆ. ನಮ್ಮ ಸಂಘದಿಂದ ಆರು ಜನ ಹೆಂಗಸರು ಹೋಗುತ್ತೇವೆ, ಇದು ನಿನಗೆ ಗೊತ್ತಿಲ್ಲದ ಸುದ್ದಿ. ನನ್ನ ಕೈಯಲ್ಲಿ ನಿನ್ನ ಕೊಳವೆಯೇ ಇರುತ್ತದೆ. ಯಾರದಾದರೂ ಕೊಳವೆ ಸೀಳಿದರೆ ಇದನ್ನೇ ಕೊಡುತ್ತೇನೆ, ಮರಳಿ ಇಸಿದುಕೊಂಡು ನಾನೂ ಇದರಲ್ಲೇ ಊದುತ್ತೇನೆ.

ರೇಣುಕಾ ಗೋಡೆಯ ಹತ್ತಿರ ನಿಂತು ಆಗಿನಿಂದ "ತರಲೇನು ಚಿಗವ್ವ, ತರಲೇನು?" ಅನ್ನುತ್ತಿದ್ದಾಳೆ. ಬಾಣ ಎಲ್ಲಿ ಬಿದ್ದಿವೆ ಅಂತ ದನಿಯಲ್ಲಿ ತೋರಿಸಿಕೊಳ್ಳುತ್ತಿಲ್ಲ, ಥೇಟ್ ನಿನ್ನ ಹಾಗೆ. ತಡಿ, ಕಾಗದ ಮುಗೀಲಿ ಅಂದಿದ್ದೆ. ಈಗ ಮುಗಿಯಿತು.

ಹಾಳಿ ಬಿಚ್ಕೊಂಡು ಬಾರವ್ವ ರೇಣುಕಾ. ನಾನು ಬರಿಯೋದು ಬರದೀನಿ. ನಿಮ್ಮವ್ವ ಏನು ಉತ್ತರ ಕೊಟ್ಟಾಳ ನೋಡೂಣು.