ಇಸಿಕೆಲಿ ಮುಳುಗಿದ ಬಂಡೆ

ಶನಿವಾರ, ಆಗಸ್ಟ್ 9. ಟವೆಯುನಿ ದ್ವೀಪ.

ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಒಳಗೆ ಏನಾದರೂ ಒಡೆದಿದೆಯೋ ಏನೋ. ನಾಳೆ ಚರ್ಚಿನಲ್ಲಿ ಹಾಡು ಕೇಳಿಸದಿದ್ದರೆ?

ಅಣ್ಣ ಇಸಿಕೆಲಿ ಈಟಿ ಹಿಡಿದು ಮೀನಿಗೆಂದು ಮುಳುಗಿ ಮೇಲೆ ಬಾರದೇ ಹೋದ ಹವಳದ ಬಂಡೆಯನ್ನು ನೋಡಲೆಂದೇ ಇವತ್ತು ಪ್ರವಾಸಿಗಳ ದೋಣಿ ಹತ್ತಿದ್ದೆ. ಅವನು ಹೋದ ಮೇಲೆ, ಅವನ ಗೌರವಕ್ಕೆಂದು, ಊರಿನವರು ಅಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದ್ದಾರೆ. ನೋಡುವುದಕ್ಕೆ ಅಡ್ಡಿಯಿಲ್ಲ.

ಕರೆದುಕೊಂಡು ಹೋದವನು ಅತ್ತೆಮಗ ಮೊಸೆಸೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟುತ್ತಾ, “ಒಳಗೆ ಉಸಿರು ಹಿಡೀಬೇಡ ಕಣೇ, ಎದೆ ಒಡೆದುಹೋಗುತ್ತೆ. ಬಾಯಿ ಮುಚ್ಕೊಂಡಿರೋಕೆ ನಿಂಗೆ ಹೇಗೂ ಬರಲ್ಲ ಬಿಡು,” ಎಂದ.

“ನಿನ್ನ ಮೂತಿ ಕಂಡು ಮೀನೆಲ್ಲ ಓಡಿಹೋಗದಿದ್ರೆ ಸಾಕು,” ಎಂದೆ.

ಆದರೂ ನೀರೊಳಗೆ ಉಸಿರು ಹಿಡಿದೆ. ಚಿಕ್ಕಂದಿನಿಂದ ನಾವೆಲ್ಲ ಮುಳುಗುವುದು ಉಸಿರು ಕಟ್ಟಿಯೇ. ಬಂಡೆ ಕಂಡ ಕೂಡಲೇ ಎದೆ ತಾನಾಗಿ ಬಿಗಿಯಿತು. ಮೊಸೆಸೆ ನನ್ನ ಭುಜ ಅಲುಗಾಡಿಸಿ, ತನ್ನ ಬಾಯಿಂದ ಏಳುವ ಗುಳ್ಳೆಗಳನ್ನು ತೋರಿಸಿದ. ಬಿಟ್ಟೆ. ಮತ್ತೆ ಎಳೆದುಕೊಂಡೆ. ಅಣ್ಣನಿಗೆ ಒಂದು ಉಸಿರು ಸಾಲದೇ ಹೋದ ಕಡೆ ನಾನು ಬೇಕಾದಷ್ಟು ಉಸಿರಾಡಿದೆ. ನಾಚಿಕೆಯಾಯಿತು.

ಅಲ್ಲಿ ಬೆಳಕಿತ್ತು. ತಲೆ ಎತ್ತಿದರೆ ದೋಣಿಯ ಅಡಿ ಕಾಣುತ್ತಿತ್ತು, ಕೈಗೆ ಸಿಗುವಷ್ಟು ಹತ್ತಿರ ಇದ್ದಂತೆ.

ದಡದಲ್ಲಿ ಅಮ್ಮ ಕಾಯುತ್ತಿದ್ದಳು. “ತುಂಬಾ ಕತ್ತಲೆನಾ ಮಗಳೇ? ಅವನಿಗೇನೂ ಕಂಡಿರಲಿಕ್ಕಿಲ್ಲ, ಅಲ್ವಾ?”

“ಇಲ್ಲಮ್ಮ. ಅಲ್ಲಿ ಏನೂ ಕಾಣಲ್ಲ.”

ಮೊಸೆಸೆ ನನ್ನ ಮುಖ ನೋಡಿ, ಸಿಲಿಂಡರ್ ಎತ್ತಿಕೊಂಡು ದೋಣಿಯ ಕಡೆ ಹೋದ. ಅಣ್ಣನೂ ಕೊನೆಯವರೆಗೆ ತನ್ನ ದೋಣಿಯನ್ನು ನೋಡುತ್ತಲೇ ಇದ್ದಿರಬೇಕು. ಇದನ್ನು ಅಮ್ಮನಿಗೆ ಎಂದಾದರೂ ಯಾರಾದರೂ ಹೇಳಿಬಿಟ್ಟರೆ?